ಮನೆಗಾಡಿ ಎಷ್ಟು ಉದ್ದವಿರಬೇಕು?

ಕಳೆದ ದೀಪಾವಳಿಯ ಊಟದ ದಿನ ನಮ್ಮ ಬಳಗದ ಹಿರಿಯರೊಬ್ಬರು ಹೋಳಿಗೆಯ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಒಂದು ಮೂಲೆಗೆ ಕರೆದೊಯ್ದರು. ಬರುವ ಜೂನಿನಲ್ಲಿ ಅವರಿಗೆ ನಿವೃತ್ತಿ. ಎಡಿಸನ್ನಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಗಂಡ ಹೆಂಡತಿ ಇಬ್ಬರೂ ಒಂದು ವರ್ಷ ಕಾಲ ಈ ದೇಶವನ್ನು ಮನೆಗಾಡಿಯಲ್ಲಿ ಸುತ್ತಬೇಕೆಂದು ನಿಶ್ಚಯಿಸಿದ್ದಾರಂತೆ. "36 ಅಡಿಯದೊಂದನ್ನು ನೋಡಿ ಬಂದಿದ್ದೇವೆ. ಎಂಟು ಜನ ಮಲಗಬಹುದು. ನೀವು ಒಂದು ಸಲ ಹೋಗಿ ಬಂದವರಲ್ಲವೇ, ಹೇಗೆ ಅನ್ನಿಸುತ್ತದೆ ಹೇಳಿ" ಎಂದರು. ಹಬ್ಬದ ದಿನ, ಎದುರಿಗೆ ಹೋಳಿಗೆ, ಅವರ ಮುಖದಲ್ಲಿ ಅಷ್ಟೊಂದು ಸಂತೋಷ. "ಒಳ್ಳೆಯದು ಸಾರ್, ಇನ್ನೊಂದಿಷ್ಟು ಯೋಚನೆ ಮಾಡಿ" ಎಂದು ಹೇಳಿ ಜಾರಿಕೊಂಡೆ. ಮನೆಗೆ ಬಂದ ಮೇಲೆ ಅದು ನನ್ನ ಹೇಡಿತನವೆನಿಸಿತು. ನಮ್ಮಲ್ಲಿ ಇನ್ನೂ ಎರಡು ಮೂರು ಮನೆಗಳಲ್ಲಿ ಇದೇ ಆಲೋಚನೆ ನಡೆದಿದೆಯೆಂದು ಕೇಳಿದ್ದೇನೆ. ಆದ್ದರಿಂದ ಅಂದು ಬಾಯಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆದು ಹೇಳುತ್ತಿದ್ದೇನೆ. ಹಿರಿಯರು ಮನ್ನಿಸಬೇಕು.

ಮೊದಲು ಹೆಸರುಗಳ ಗೊಂದಲ ತೀರಲಿ. ಇಂಗ್ಲೆಂಡಿನವರು ಕ್ಯಾರವಾನ್ ಎಂದು ಕರೆಯುವುದನ್ನು ಇಲ್ಲಿಯವರು ಟ್ರೈಲರ್ ಎನ್ನುತ್ತಾರೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲ, ಕಾರೋ ಪಿಕಪ್ಪೋ ಎಳೆಯಬೇಕು. ಎಂಜಿನ್ನೂ ಮನೆಯೂ ಒಂದೇ ಆಗಿರುವುದು ಮೋಟರ್‌ಹೋಮ್. ಅದರಲ್ಲಿ ಮೂರು ಜಾತಿ. ಬಸ್ಸಿನಂತೆ ಚೌಕಾಕಾರವಾಗಿರುವುದು ಕ್ಲಾಸ್ ಎ. ವ್ಯಾನನ್ನೇ ಮನೆ ಮಾಡಿರುವುದು ಕ್ಲಾಸ್ ಬಿ. ಲಾರಿಯ ಮೂತಿ ಇದ್ದು ಚಾಲಕನ ತಲೆಯ ಮೇಲೆ ಅಟ್ಟದಂಥ ಹಾಸಿಗೆ ಇರುವುದು ಕ್ಲಾಸ್ ಸಿ. ಎಲ್ಲವನ್ನೂ ಸೇರಿಸಿ ಆರ್.ವಿ. ಎನ್ನುವುದು ರೂಢಿ. ನಾನು ಎಲ್ಲಕ್ಕೂ ಮನೆಗಾಡಿ ಎಂದೇ ಬರೆಯುತ್ತೇನೆ. ವ್ಯಾನಿನ ಜಾತಿಯವು ಸುಮಾರು 18ರಿಂದ 24 ಅಡಿ, ಅಟ್ಟದ ಜಾತಿಯವು 22ರಿಂದ 32 ಅಡಿ, ಬಸ್ಸಿನ ಜಾತಿಯವು 45 ಅಡಿಯವರೆಗೂ ಇವೆ. ಇಷ್ಟು ವ್ಯತ್ಯಾಸವಿರುವಾಗ ಯಾವುದನ್ನು ಆರಿಸುವುದು?

ನಮ್ಮವರು ಆರಿಸುವ ಕ್ರಮವನ್ನು ನಾನು ಬಲ್ಲೆ, ಏಕೆಂದರೆ ನಾನೂ ಹಾಗೆಯೇ ಆರಿಸಿದವನು. ಎಷ್ಟು ಜನ ಮಲಗಬಹುದು ಎಂಬುದೇ ಮೊದಲ ಪ್ರಶ್ನೆ. ಹೆಚ್ಚು ಹಾಸಿಗೆ ಇದ್ದಷ್ಟೂ ಒಳ್ಳೆಯದು, ಯಾರು ಬಂದರೂ ಇರಲಿ, ಕೈಯಲ್ಲಾಗುವಷ್ಟು ದೊಡ್ಡದನ್ನೇ ಕೊಳ್ಳೋಣ ಎಂಬುದು ನಮ್ಮ ಸಿದ್ಧಾಂತ. ಬಹು ದಿನಗಳ ಪ್ರವಾಸಕ್ಕೆ ಈ ಸಿದ್ಧಾಂತ ತಲೆಕೆಳಗು ಎಂಬುದೇ ಈ ಲೇಖನದ ವಾದ.

2023ರ ಜುಲೈನಲ್ಲಿ ನನ್ನ ತಂದೆತಾಯಿ ತೀರ್ಥಹಳ್ಳಿಯಿಂದ ಬಂದಿದ್ದರು. ಅಪ್ಪಯ್ಯ ನಿವೃತ್ತ ಶಾಲಾ ಮಾಸ್ತರು. ಭೂಗೋಳ ಪಾಠ ಮಾಡಿದವರು. ಹಿಮನದಿ ಎಂಬುದನ್ನು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದರೇ ಹೊರತು ಕಣ್ಣಿನಿಂದ ಕಂಡವರಲ್ಲ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೆ ಅವರನ್ನು ಕರೆದೊಯ್ಯಬೇಕೆಂಬುದು ನನ್ನ ಬಹು ದಿನದ ಆಸೆ. ಅವರಿಬ್ಬರು, ನಾವು ಮೂವರು, ನನ್ನ ಭಾವಮೈದುನ ಮತ್ತು ಅವನ ಹೆಂಡತಿ, ಒಟ್ಟು ಏಳು ಜನ. ಸಾಲ್ಟ್ ಲೇಕ್ ಸಿಟಿಯಲ್ಲಿ 31 ಅಡಿಯ ಕ್ಲಾಸ್ ಸಿ ಗಾಡಿಯೊಂದನ್ನು ಮೂರು ವಾರಕ್ಕೆ ಬಾಡಿಗೆಗೆ ಹಿಡಿದೆ. ಎಂಟು ಹಾಸಿಗೆ. ಒಂದು ಹೆಚ್ಚೇ ಇದೆ ಎಂದು ಹೆಮ್ಮೆಪಟ್ಟೆ.

ಗ್ಲೇಸಿಯರ್ ಉದ್ಯಾನವನ್ನು ಪೂರ್ವ ಪಶ್ಚಿಮವಾಗಿ ದಾಟುವ ರಸ್ತೆಗೆ ಗೋಯಿಂಗ್ ಟು ದಿ ಸನ್ ರೋಡ್ ಎಂದು ಹೆಸರು. 1933ರಲ್ಲಿ ತೆರೆದದ್ದು, ಸುಮಾರು 50 ಮೈಲು. ಅದರ ನೆತ್ತಿ ಲೋಗನ್ ಪಾಸ್, ಎತ್ತರ 6,646 ಅಡಿ. ಆ ವರ್ಷ ಪಶ್ಚಿಮದಿಂದ ಆ ರಸ್ತೆಗೆ ಹೋಗಲು ಮುಂಗಡ ಪರವಾನಗಿ ಬೇಕಿತ್ತು. ಅದನ್ನು ತೆಗೆದು ಇಟ್ಟಿದ್ದೆ. ಓದದೇ ಬಿಟ್ಟದ್ದು ಇನ್ನೊಂದು ಸಾಲನ್ನು. ಅವಲಾಂಚ್ ಎಂಬಲ್ಲಿಂದ ರೈಸಿಂಗ್ ಸನ್ ಎಂಬಲ್ಲಿಯವರೆಗೆ 21 ಅಡಿಗಿಂತ ಉದ್ದವಾದ, ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲವಾದ ವಾಹನಕ್ಕೆ ಪ್ರವೇಶವಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ನಡುವೆ ಹೋಗುವ ದಾರಿ ಅದು. ನಿಯಮ ನ್ಯಾಯವಾದದ್ದೇ, ಸ್ಪಷ್ಟವಾಗಿ ಬರೆದೂ ಇತ್ತು. ಓದದ ತಪ್ಪು ಪೂರಾ ನನ್ನದು.

ಅವಲಾಂಚಿನಲ್ಲಿ ಗಾಡಿ ತಿರುಗಿಸಬೇಕಾಯಿತು. ಉದ್ಯಾನದವರ ಬಸ್ಸಿಗೆ ಸಾಲು ಉದ್ದವಾಗಿತ್ತು. ಅಪ್ಪಯ್ಯನ ಮೊಣಕಾಲಿಗೆ ಅಷ್ಟು ಹೊತ್ತು ನಿಲ್ಲಲಾಗಲಿಲ್ಲ. ಮಿಕ್ಕವರು ಹೋಗಿ ಬನ್ನಿ ಎಂದರೆ ಯಾರಿಗೂ ಮನಸ್ಸಿಲ್ಲ. ಅಪ್ಪಯ್ಯ ಗಾಡಿಯಿಂದ ಇಳಿದು, ಬೋರ್ಡನ್ನು ಎರಡು ಸಲ ಓದಿ, "ಆಗುಂಬೆ ಘಾಟಿಗೆ ದೊಡ್ಡ ಬಸ್ಸು ತಂದ ಹಾಗಾಯ್ತಲ್ಲ ಮಾರಾಯ" ಎಂದು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಆದರೆ ಅವರು ಆಡಿದ ಮಾತಿನಲ್ಲಿ ನಾನು ತಿಳಿಯಬೇಕಾಗಿದ್ದ ಪಾಠವೆಲ್ಲ ಇತ್ತು. ತೀರ್ಥಹಳ್ಳಿಯಿಂದ ಉಡುಪಿಯ ಕಡೆಗೆ ಹೋದವರಿಗೆ ಗೊತ್ತು, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳು. ಅಲ್ಲಿ ಓಡುವವು ಮಿನಿ ಬಸ್ಸುಗಳು. ಜನ ಕಡಿಮೆ ಎಂದಲ್ಲ. ಹಬ್ಬ ಹುಣ್ಣಿಮೆ ಬಂದರೆ ಕಾಲಿಡಲು ಜಾಗವಿಲ್ಲದಷ್ಟು ಜನ. ಆದರೂ ಬಸ್ಸು ಚಿಕ್ಕದು. ಅದರ ಗಾತ್ರವನ್ನು ನಿರ್ಧರಿಸಿದ್ದು ಹತ್ತುವ ಜನರ ಸಂಖ್ಯೆಯಲ್ಲ, ಆ ದಾರಿಯಲ್ಲಿ ಎಲ್ಲಕ್ಕಿಂತ ಬಿಗಿಯಾದ ಒಂದು ತಿರುವು. ಮನೆಗಾಡಿಗೂ ಇದೇ ನ್ಯಾಯ. ನೀವು ನೋಡಬೇಕೆಂದಿರುವ ಸ್ಥಳಗಳ ಪಟ್ಟಿ ಮಾಡಿ, ಅವುಗಳಲ್ಲಿ ಅತ್ಯಂತ ಇಕ್ಕಟ್ಟಾದ ಬಾಗಿಲು ಯಾವುದೆಂದು ಕಂಡುಕೊಳ್ಳಿ. ಗಾಡಿಯ ಉದ್ದವನ್ನು ಅಲ್ಲಿಂದ ಲೆಕ್ಕ ಹಾಕಲು ಆರಂಭಿಸಿ.

ಅಂಥ ಬಾಗಿಲುಗಳು ಎಲ್ಲೋ ಮೊಂಟಾನಾದಲ್ಲಿ ಮಾತ್ರ ಇವೆ ಎಂದು ತಿಳಿಯಬೇಡಿ. ಯೂಟಾದ ಝಯಾನ್ ಉದ್ಯಾನದಲ್ಲಿ 1930ರಲ್ಲಿ ಕೊರೆದ ಸುರಂಗವಿದೆ. 11 ಅಡಿ 4 ಇಂಚು ಎತ್ತರ ಅಥವಾ 7 ಅಡಿ 10 ಇಂಚು ಅಗಲ ಮುಟ್ಟಿದ ಗಾಡಿ ಅದರಲ್ಲಿ ತನ್ನ ಪಥದಲ್ಲಿ ಹೋಗಲಾರದು. ಬಹಳ ವರ್ಷ ಎದುರಿನ ಸಂಚಾರ ತಡೆದು, ಶುಲ್ಕ ಪಡೆದು, ಅಂಥವನ್ನು ರಸ್ತೆಯ ನಡುವೆ ಬಿಡುತ್ತಿದ್ದರು. 2026ರ ನಡುವಿನಿಂದ ದೊಡ್ಡ ವಾಹನಗಳಿಗೆ ಆ ದಾರಿಯೇ ಇಲ್ಲವೆಂದು 2025ರಲ್ಲಿ ಪ್ರಕಟಿಸಿದರು. ನಮಗೆ ಹತ್ತಿರದ ಮೇಯ್ನ್ ರಾಜ್ಯದ ಅಕಾಡಿಯಾದಲ್ಲಿ ಕ್ಯಾಡಿಲಾಕ್ ಬೆಟ್ಟದ ತುದಿಗೆ ಹೋಗುವ ರಸ್ತೆಗೆ ಮನೆಗಾಡಿಗಳನ್ನೂ ಟ್ರೈಲರುಗಳನ್ನೂ ಬಿಡುವುದಿಲ್ಲ.

ಅಷ್ಟು ದೂರವೇಕೆ, ಎಡಿಸನ್ನಿನಿಂದ ಹೊರಟು ನ್ಯೂ ಇಂಗ್ಲೆಂಡಿನ ಕಡೆಗೆ ತಿರುಗಿದೊಡನೆ ಪರೀಕ್ಷೆ ಶುರು. ಕನೆಕ್ಟಿಕಟ್ಟಿನ ಮೆರಿಟ್ ಪಾರ್ಕ್‌ವೇಯಲ್ಲಿ 8 ಅಡಿಗಿಂತ ಎತ್ತರದ, 24 ಅಡಿಗಿಂತ ಉದ್ದದ ವಾಹನ ಹೋಗುವಂತಿಲ್ಲ. ಟ್ರೈಲರಿಗಂತೂ ಜಾಗವೇ ಇಲ್ಲ. ನ್ಯೂಯಾರ್ಕಿನ ಹಳೆಯ ಪಾರ್ಕ್‌ವೇಗಳ ಕಮಾನು ಸೇತುವೆಗಳು ಕಾರುಗಳಿಗಾಗಿಯೇ ಕಟ್ಟಿದವು. ಕಾರಿಗೆ ದಾರಿ ತೋರಿಸುವ ಫೋನನ್ನು ನಂಬಿ ಹೊರಟರೆ ಗಾಡಿಯ ಮಾಡು ಸೇತುವೆಗೆ ಬಡಿಯುವುದು ಖಂಡಿತ. 287ರಲ್ಲಿ ಉತ್ತರಕ್ಕೆ ಹೋಗಿ, ಹಡ್ಸನ್ ದಾಟಿ, 684 ಮತ್ತು 84ನ್ನು ಹಿಡಿಯುವುದೇ ಕ್ಷೇಮ. ದಕ್ಷಿಣಕ್ಕೆ ಹೊರಟವರಿಗೆ ಬಾಲ್ಟಿಮೋರಿನ ಎರಡು ಸುರಂಗಗಳಲ್ಲಿ ಇನ್ನೊಂದು ತಡೆ: ಒಂದೊಂದು ಸಿಲಿಂಡರಿನಲ್ಲಿ 10 ಪೌಂಡಿಗಿಂತ ಹೆಚ್ಚು ಪ್ರೊಪೇನ್ ಒಯ್ಯುವಂತಿಲ್ಲ. ಮೊದಲು ಅಂಥವರು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಮೇಲೆ ಹೋಗಬಹುದಿತ್ತು. 2024ರ ಮಾರ್ಚ್ 26ರಂದು ಹಡಗು ಬಡಿದು ಆ ಸೇತುವೆ ಕುಸಿದ ಮೇಲೆ ಪಶ್ಚಿಮದ ಸುತ್ತು ರಸ್ತೆಯೇ ಗತಿ. ಇದು ಗಾತ್ರದ ಮಾತಲ್ಲದಿದ್ದರೂ ಹೊರಡುವ ಮೊದಲು ತಿಳಿದಿರಲೆಂದು ಬರೆದೆ.

ದಾರಿಯ ನಂತರ ತೂಕ. ಇಲ್ಲಿ ನನ್ನ ವೃತ್ತಿಯ ಚಟ ಸ್ವಲ್ಪ ತಲೆ ಹಾಕುತ್ತದೆ, ಸಹಿಸಿಕೊಳ್ಳಬೇಕು. ಪ್ರತಿ ಮನೆಗಾಡಿಯಲ್ಲಿಯೂ ತಯಾರಕರು ಒಂದು ಚೀಟಿ ಅಂಟಿಸಿರುತ್ತಾರೆ. ಮೋಟರ್‌ಹೋಮಿನಲ್ಲಾದರೆ ಜನರೂ ಸಾಮಾನೂ ಸೇರಿ ಇಂತಿಷ್ಟು ಪೌಂಡು ಮೀರಬಾರದೆಂದು ಅದರಲ್ಲಿ ಬರೆದಿರುತ್ತದೆ. ಹಾಸಿಗೆ ಎಷ್ಟೆಂದು ಕೇಳುವ ನೂರು ಜನರಲ್ಲಿ ಈ ಚೀಟಿಯನ್ನು ಓದುವವರು ಹತ್ತು ಜನರೂ ಇರಲಾರರು. ನಮ್ಮ ಬಾಡಿಗೆ ಗಾಡಿಯ ಚೀಟಿಯಲ್ಲಿ 1,850 ಪೌಂಡು ಎಂದಿತ್ತು. ಕೇಳಲು ದೊಡ್ಡ ಸಂಖ್ಯೆ. ಈಗ ಕಳೆಯುತ್ತಾ ಬನ್ನಿ. ಏಳು ಜನರ ತೂಕ 1,020 ಪೌಂಡು. ಕುಡಿಯಲು, ತೊಳೆಯಲು 40 ಗ್ಯಾಲನ್ ನೀರು. ಒಂದು ಗ್ಯಾಲನ್ನಿಗೆ 8.34 ಪೌಂಡಿನಂತೆ 334 ಪೌಂಡು. ಉಳಿದದ್ದು 496. ತಲೆಗೆ 40 ಪೌಂಡಿನ ಬಟ್ಟೆ ಬರೆ ಎಂದರೆ 280 ಹೋಯಿತು. ಉಳಿದ 216 ಪೌಂಡಿನಲ್ಲಿ ಅಕ್ಕಿ, ಬೇಳೆ, ಎಣ್ಣೆ, ಕುಕ್ಕರು, ಪಾತ್ರೆ, ಹೊದಿಕೆ, ಮಡಿಸುವ ಕುರ್ಚಿ, ಮಗನ ಸೈಕಲ್ಲು, ಅಮ್ಮ ಬಿಟ್ಟು ಬರಲು ಒಪ್ಪದ ಉಪ್ಪಿನಕಾಯಿ ಭರಣಿ ಎಲ್ಲವೂ ಬರಬೇಕು. ಇದು ಮೂರು ವಾರದ ಲೆಕ್ಕ. ಒಂದು ವರ್ಷದ ಸಂಸಾರಕ್ಕೆ ಚಳಿಗಾಲದ ಉಡುಪು, ಔಷಧಿ, ಉಪಕರಣಗಳ ಪೆಟ್ಟಿಗೆ ಎಂದು ಇನ್ನೂ ಸೇರುತ್ತದೆ.

ನೀರು ಬಳಸಿದಂತೆ ಹಗುರವಾಗುತ್ತದಲ್ಲ ಎನ್ನುವಿರಿ. ಇಲ್ಲ ಸ್ವಾಮಿ. ಲಾವೋಸಿಯೇ ಮಹಾಶಯನ ನಿಯಮ ಮನೆಗಾಡಿಗೂ ಅನ್ವಯಿಸುತ್ತದೆ. ಮೇಲಿನ ಟ್ಯಾಂಕಿನಿಂದ ಹೋದ ನೀರು ಪಾತ್ರೆ ತೊಳೆದು, ಸ್ನಾನ ಮಾಡಿಸಿ, ಕೆಳಗಿನ ಟ್ಯಾಂಕಿಗೆ ಬಂದು ಕೂರುತ್ತದೆ. ಜಾಗ ಬದಲಾಯಿತೇ ಹೊರತು ತೂಕ ಇಳಿಯಲಿಲ್ಲ. ಕೊಳಕು ನೀರನ್ನು ಚೆಲ್ಲದೆ ಹೊಸ ನೀರು ತುಂಬಿಕೊಂಡರೆ ಮತ್ತೆ 334 ಪೌಂಡು ಏರಿತು. ಚೊಂಬು ಹಿಡಿದು ಬೆಳೆದ ನಮಗೆ ನೀರು ಹೆಚ್ಚೇ ಬೇಕು. ಬೇಳೆ ಬೇಯಿಸಿದ ಪಾತ್ರೆ ಒಂದು ಲೋಟ ನೀರಿಗೆ ಜಗ್ಗುವುದಿಲ್ಲ. ಮಿತಿ ಮೀರಿದ ತೂಕ ಮೊದಲು ಹೊಡೆಯುವುದು ಟೈರನ್ನೂ ಬ್ರೇಕನ್ನೂ. ಆದ್ದರಿಂದ ಎಷ್ಟು ಉದ್ದ ಎಂದು ಕೇಳುವ ಮೊದಲು ಎಷ್ಟು ಹೊರುತ್ತದೆ ಎಂದು ಕೇಳಿ. ಉದ್ದವಾದ ಗಾಡಿ ಹೆಚ್ಚು ಹೊರುತ್ತದೆಂದು ನಾವು ಊಹಿಸುತ್ತೇವೆ. ಒಂದೇ ಚಾಸಿಯ ಮೇಲೆ 24 ಅಡಿಯ ಮನೆಯನ್ನೂ ಕಟ್ಟುತ್ತಾರೆ, 31 ಅಡಿಯದನ್ನೂ ಕಟ್ಟುತ್ತಾರೆ. ಚಾಸಿಯ ಮಿತಿ ಅಷ್ಟೇ ಇರುವಾಗ ಗೋಡೆ ಮಾಡುಗಳೇ ಹೆಚ್ಚು ತೂಗಿದರೆ ನಿಮ್ಮ ಸಾಮಾನಿಗೆ ಉಳಿಯುವುದು ಕಡಿಮೆ. ಕೊಂಡ ಮೇಲೆ ಎಲ್ಲವನ್ನೂ ತುಂಬಿಕೊಂಡು ಟ್ರಕ್ ಸ್ಟಾಪಿನ ವೇಬ್ರಿಜ್ಜಿನ ಮೇಲೆ ಒಂದು ಸಲ ನಿಲ್ಲಿಸಿ ನೋಡಿ.

ಟ್ರೈಲರ್ ಕೊಳ್ಳುವವರಿಗೆ ಒಂದು ಮಾತು. ನಮ್ಮ ಬಳಗದ ಕಾರ್ಯಕ್ರಮದ ದಿನ ಪಾರ್ಕಿಂಗ್ ನೋಡಿದರೆ ಅರ್ಧಕ್ಕರ್ಧ ಸಿಯೆನ್ನಾ, ಒಡಿಸ್ಸಿ ವ್ಯಾನುಗಳೇ. ಇವು ಎಳೆಯಬಲ್ಲದ್ದು ಹೆಚ್ಚೆಂದರೆ 3,500 ಪೌಂಡು. ಟ್ರೈಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು, ಇಲ್ಲವಾದರೆ ಹಿಂದಿನ ಗಾಡಿ ಓಲಾಡುತ್ತದೆ. 3,500 ಪೌಂಡಿನದಕ್ಕೆ ಅದು 350ರಿಂದ 525 ಪೌಂಡು. ಇದನ್ನೂ ಎಳೆಯುವ ವ್ಯಾನಿನ ಹೊರೆಯಲ್ಲಿಯೇ ಲೆಕ್ಕ ಹಿಡಿಯಬೇಕು. ಅಂದರೆ ವ್ಯಾನಿನಲ್ಲಿ ಕಣ್ಣಿಗೆ ಕಾಣದ ಮೂವರು ದೊಡ್ಡವರನ್ನು ಕೂರಿಸಿಕೊಂಡ ಹಾಗೆ. ಮತ್ತೊಂದು ಸಂಗತಿ. ಓಡುವ ಟ್ರೈಲರಿನಲ್ಲಿ ಜನ ಕೂರುವುದು ಹಲವು ರಾಜ್ಯಗಳಲ್ಲಿ ನಿಷಿದ್ಧ. ಅಮ್ಮ ಹಿಂದೆ ಹಾಯಾಗಿ ಮಲಗಿಕೊಂಡು ಬರುತ್ತಾರೆ ಎಂಬ ಕನಸು ಬೇಡ. ಮೋಟರ್‌ಹೋಮಿನಲ್ಲಿಯೂ ಎಂಟು ಹಾಸಿಗೆ ಇದ್ದ ಮಾತ್ರಕ್ಕೆ ಎಂಟು ಸೀಟ್ ಬೆಲ್ಟು ಇರುತ್ತವೆಂದಿಲ್ಲ. ಬೆಲ್ಟುಗಳನ್ನು ಬೇರೆಯಾಗಿಯೇ ಎಣಿಸಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಹಿರಿಯರು ಹೊರಟಿರುವುದು ಇಬ್ಬರೇ. ಹಾಗಾದರೆ ಎಂಟು ಹಾಸಿಗೆ ಯಾರಿಗೆ? ಕೇಳಿದ್ದಕ್ಕೆ, ಮಗ ಸೊಸೆ ಸಿಯಾಟಲ್ಲಿನಲ್ಲಿದ್ದಾರೆ, ಮಗಳ ಸಂಸಾರ ಡಲ್ಲಾಸಿನಲ್ಲಿದೆ, ಮೊಮ್ಮಕ್ಕಳು ರಜೆಯಲ್ಲಿ ಬಂದು ಸೇರಿಕೊಳ್ಳುತ್ತಾರೆ ಎಂದರು. ಈ ಉತ್ತರ ಕೇಳಿ ನನಗೆ ಎಡಿಸನ್ನಿನ ನಮ್ಮೆಲ್ಲರ ಮನೆಗಳೂ ನೆನಪಾದವು. ತಂದೆತಾಯಿ ಬಂದಾಗ ಬೇಕಾಗುತ್ತದೆಂದು ಕೆಳಗೊಂದು ಕೋಣೆ, ತಮ್ಮ ತಂಗಿಯರು ಬಂದಾಗ ಬೇಕಾಗುತ್ತದೆಂದು ಮೇಲೊಂದು ಕೋಣೆ. ಅವುಗಳಿಗೆ ಮೂವತ್ತು ವರ್ಷ ಸಾಲ ಕಟ್ಟಿದ್ದೇವೆ, ಚಳಿಗಾಲದಲ್ಲಿ ಬಿಸಿ ಮಾಡಿದ್ದೇವೆ. ಬಂದವರು ಎಷ್ಟು ಸಲ ಬಂದರು? ಲೆಕ್ಕ ಹಾಕಲು ಯಾರಿಗೂ ಮನಸ್ಸಿಲ್ಲ. ಮನೆಯಾದರೆ ನೆಲದ ಮೇಲೆ ನಿಂತಿರುತ್ತದೆ, ಖಾಲಿ ಕೋಣೆ ಭಾರವೆನಿಸದು. ಮನೆಗಾಡಿಯಲ್ಲಿ ಖಾಲಿ ಹಾಸಿಗೆಯನ್ನು ಪ್ರತಿ ಘಾಟಿಯೂ ಹತ್ತಿಸಬೇಕು, ಪ್ರತಿ ಗ್ಯಾಲನ್ ಪೆಟ್ರೋಲಿನಲ್ಲೂ ಅದಕ್ಕೆ ಪಾಲು ಕೊಡಬೇಕು. ನಮ್ಮ 31 ಅಡಿಯದು ಗ್ಯಾಲನ್ನಿಗೆ 9 ಮೈಲು ದಾಟಲಿಲ್ಲ.

ನನ್ನ ಪತ್ನಿಯ ತವರು ಧಾರವಾಡದ ಕಡೆ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದುದನ್ನು ಅವಳ ಅಜ್ಜಿ ಹೇಳುತ್ತಿದ್ದರಂತೆ. ಕಮಾನಿನ ಕೆಳಗೆ ಮುದುಕರು, ಕೂಸುಗಳು, ಬುತ್ತಿಯ ಗಂಟು. ಗಟ್ಟಿಮುಟ್ಟಾದವರೆಲ್ಲ ಪಕ್ಕದಲ್ಲಿ ನಡೆಯುವುದು. ರಾತ್ರಿ ಬಂಡಿ ಬಿಟ್ಟ ಮೇಲೆ ಬಯಲಿನಲ್ಲಿ ಜಮಖಾನ ಹಾಸಿ ಮಲಗುವುದು. ಮನೆಮಂದಿ ಹದಿನೈದು ಜನರಿದ್ದರೆಂದು ಹದಿನೈದು ಜನ ಹಿಡಿಸುವ ಬಂಡಿಯನ್ನು ಯಾರೂ ಮಾಡಿಸಲಿಲ್ಲ, ಮಾಡಿಸಿದ್ದರೆ ಎತ್ತು ಎಳೆಯುತ್ತಿರಲಿಲ್ಲ. "ಬಂಡ್ಯಾಗ ಮಲಗೋರು ಬ್ಯಾರೆ, ಬಂಡಿ ಕೂಡ ಹೋಗೋರು ಬ್ಯಾರೆ ಅಲ್ಲೇನ್ರಿ" ಎಂದು ನನ್ನ ಪತ್ನಿ ಒಂದು ದಿನ ಅಂದಳು. ಮೂರು ವಾರ ಏಳು ಜನರಿಗೆ ಒಳಗೆ ಅಡುಗೆ ಮಾಡಿದವಳು ಅವಳು. ಅವಳ ಮಾತಿಗೆ ತೂಕವಿದೆ. ಮೊಮ್ಮಕ್ಕಳು ಬಂದ ನಾಲ್ಕು ದಿನ ಪಕ್ಕದಲ್ಲಿ ಒಂದು ಡೇರೆ ಹೊಡೆಯಿರಿ, ಅಥವಾ ಹತ್ತಿರದ ಮೋಟೆಲಿನಲ್ಲಿ ಒಂದು ಕೋಣೆ ಹಿಡಿಯಿರಿ. ಮಕ್ಕಳು ಡೇರೆಯನ್ನೇ ಇಷ್ಟಪಡುತ್ತಾರೆ. 36 ಅಡಿಯದಕ್ಕೂ 24 ಅಡಿಯದಕ್ಕೂ ಇರುವ ಬೆಲೆಯ ಅಂತರದಲ್ಲಿ ಬಹಳ ವರ್ಷ ಮೋಟೆಲಿನ ಬಾಡಿಗೆ ಕೊಡಬಹುದು.

ನಮ್ಮೂರಿಗೆ ಹೆಸರು ಕೊಟ್ಟ ಮಹಾನುಭಾವನ ಕಥೆಯೂ ಇದಕ್ಕೆ ಒದಗಿ ಬರುತ್ತದೆ. 1954ರವರೆಗೆ ರಾರಿಟನ್ ಟೌನ್‌ಶಿಪ್ ಆಗಿದ್ದ ಈ ಊರು ಮೆನ್ಲೋ ಪಾರ್ಕಿನ ವಿಜ್ಞಾನಿಯ ಹೆಸರನ್ನು ಇಟ್ಟುಕೊಂಡಿತು. ಥಾಮಸ್ ಎಡಿಸನ್, ಹೆನ್ರಿ ಫೋರ್ಡ್, ಟೈರಿನ ಫೈರ್‌ಸ್ಟೋನ್, ನಿಸರ್ಗ ಲೇಖಕ ಜಾನ್ ಬರೋಸ್ ಇವರು ಬೇಸಗೆಯಲ್ಲಿ ಕಾರುಗಳಲ್ಲಿ ಹೊರಟು ಕಾಡುಮೇಡುಗಳಲ್ಲಿ ಡೇರೆ ಹಾಕುತ್ತಿದ್ದರು. ಡೇರೆಗೆ ಬೆಳಕು ಎಡಿಸನ್ನರ ಬ್ಯಾಟರಿಯದು. ಬರಬರುತ್ತ ಅಡುಗೆಗೆಂದೇ ಒಂದು ಲಾರಿ, ಸಾಮಾನಿಗೆ ಬೇರೆ ಲಾರಿ, ಪರಿಚಾರಕರು, ಫೋಟೋ ತೆಗೆಯುವವರು ಎಂದು ದಂಡು ಬೆಳೆಯಿತು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೂಡ ಮೇರಿಲ್ಯಾಂಡಿನ ಬಿಡಾರಕ್ಕೆ ಬಂದರು. ಹೋದಲ್ಲೆಲ್ಲ ಜನಸಂದಣಿ. ಕೊನೆಗೆ 1924ರ ನಂತರ ಈ ಪ್ರವಾಸಗಳೇ ನಿಂತುಹೋದವು. ನಾಲ್ವರು ಗೆಳೆಯರು ಕಾಡಿನಲ್ಲಿ ಕೂತು ಮಾತನಾಡಲು ಹೊರಟ ಪ್ರವಾಸ ತನ್ನ ಸರಂಜಾಮಿನ ಭಾರದಿಂದಲೇ ಬಳಲಿತು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಹಾಗೆಂದು ಚಿಕ್ಕದರಲ್ಲಿ ಎಲ್ಲವೂ ಸುಖ ಎಂದು ಹೇಳುವಷ್ಟು ಪಕ್ಷಪಾತಿ ನಾನಲ್ಲ. ಚಿಕ್ಕ ಪೆಟ್ಟಿಗೆಯಲ್ಲಿ ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಗೋಡೆ ಹಲಗೆಗಳು ಹೆಚ್ಚು. ಪ್ಲೈವುಡ್ಡು, ಹೊಟ್ಟಿನ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಬಿಸಿಲು, ತೇವ ಹೆಚ್ಚಿದಷ್ಟೂ ಅದೂ ಹೆಚ್ಚು. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ಟ್ರೈಲರುಗಳಲ್ಲಿ ಜನ ಕಣ್ಣುರಿ, ಕೆಮ್ಮು ಎಂದು ದೂರಿದರು. ರೋಗ ನಿಯಂತ್ರಣ ಕೇಂದ್ರದವರು 2007ರ ಡಿಸೆಂಬರಿನಿಂದ 2008ರ ಜನವರಿಯವರೆಗೆ 519 ಗಾಡಿಮನೆಗಳನ್ನು ಪರೀಕ್ಷಿಸಿದಾಗ ಸರಾಸರಿ ನೂರು ಕೋಟಿಗೆ 77 ಭಾಗ ಕಂಡುಬಂತು. ಸಾಮಾನ್ಯ ಮನೆಯಲ್ಲಿರುವುದಕ್ಕಿಂತ ಅದು ಬಹಳ ಹೆಚ್ಚು. 2010ರ ಕಾನೂನು ಇಂಥ ಹಲಗೆಗಳಿಗೆ ಮಿತಿ ಹಾಕಿದೆ, ಮನೆಗಾಡಿಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೂ ಹೊಸ ಗಾಡಿಯನ್ನು ಕೆಲವು ವಾರ ಬಾಗಿಲು ಕಿಟಕಿ ತೆರೆದಿಟ್ಟು ಹೊರಡುವುದು ಲೇಸು. ಅನ್ನ ಕುದಿಯುವಾಗ, ಒಗ್ಗರಣೆ ಹಾಕುವಾಗ ಮಾಡಿನ ಫ್ಯಾನು ಓಡುತ್ತಿರಲೇಬೇಕು. ಇಲ್ಲದಿದ್ದರೆ ಇಂಗಿನ ವಾಸನೆ ದಿಂಬಿನಲ್ಲಿ, ನೀರಿನ ಹನಿ ಗೋಡೆಯಲ್ಲಿ.

ಇನ್ನೊಂದು ತೊಂದರೆಗೆ ರಸಾಯನ ಶಾಸ್ತ್ರದಲ್ಲಿ ಮದ್ದಿಲ್ಲ. ಮೂವತ್ತು ವರ್ಷ ದಿನಕ್ಕೆ ಹತ್ತು ಗಂಟೆ ಬೇರೆ ಬೇರೆ ಕಚೇರಿಗಳಲ್ಲಿ ಕಳೆದ ಗಂಡ ಹೆಂಡತಿ ಹಠಾತ್ತಾಗಿ ಒಂದು ಪೆಟ್ಟಿಗೆಯೊಳಗೆ ಮುಖಾಮುಖಿ ಕೂರಬೇಕು. ಮಳೆ ಹಿಡಿದ ಮೂರು ದಿನ ಒಬ್ಬರು ಏಳಬೇಕಾದರೆ ಇನ್ನೊಬ್ಬರು ಸರಿಯಬೇಕು. ಅಂಥ ಹೊತ್ತಿನಲ್ಲಿ ಎರಡು ಅಡಿ ಜಾಗ ಎರಡು ಎಕರೆಗೆ ಸಮ. ಅದಕ್ಕಾಗಿಯೇ 18 ಅಡಿಯದನ್ನು ನಾನು ಯಾರಿಗೂ ಹೇಳುವುದಿಲ್ಲ.

ಹಾಗಾದರೆ ಎಷ್ಟು? ಇಬ್ಬರೇ ಒಂದು ವರ್ಷ ಸುತ್ತುವುದಾದರೆ ಮೋಟರ್‌ಹೋಮಿನಲ್ಲಿ 22ರಿಂದ 25 ಅಡಿ, ಟ್ರೈಲರಿನಲ್ಲಿ 20ರಿಂದ 23 ಅಡಿ. ಇದು ನನ್ನ ಅಭಿಪ್ರಾಯ. ಇಷ್ಟರೊಳಗೆ ನಾಲ್ಕು ಸಂಗತಿಗಳಲ್ಲಿ ರಾಜಿ ಬೇಡ. ಒಂದು, ಸದಾ ಹಾಸಿರುವ ಹಾಸಿಗೆ, ಎರಡೂ ಬದಿಯಿಂದ ಇಳಿಯುವಂಥದು. ಅರವತ್ತೈದು ದಾಟಿದವರು ರಾತ್ರಿ ಎರಡು ಸಲ ಏಳುತ್ತಾರೆ, ಒಬ್ಬರನ್ನೊಬ್ಬರು ದಾಟಿ ಇಳಿಯುವ, ಏಣಿ ಹತ್ತುವ ಹಾಸಿಗೆ ಅವರಿಗಲ್ಲ. ಎರಡು, ಕಮೋಡಿನ ಮೇಲೆಯೇ ಸ್ನಾನದ ನೀರು ಬೀಳದಂಥ ಬೇರೆ ಬಚ್ಚಲು. ಮೂರು, ಇಬ್ಬರ ತೂಕವನ್ನೂ ತುಂಬಿದ ನೀರನ್ನೂ ಕಳೆದ ಮೇಲೆ 1,000 ಪೌಂಡಾದರೂ ಉಳಿಯುವ ಹೊರೆ. ನಾಲ್ಕು, ಗಾಡಿಯನ್ನು ಇಬ್ಬರೂ ಓಡಿಸಬಲ್ಲಂತಿರಬೇಕು. ಯಜಮಾನರೇ ಚಾಲಕರು, ಯಜಮಾನಿ ಗಾಡಿಯನ್ನು ಮುಟ್ಟಲೂ ಹೆದರುತ್ತಾರೆ ಎಂದಾದರೆ, ನಿರ್ಜನ ಪ್ರದೇಶದಲ್ಲಿ ಯಜಮಾನರಿಗೆ ಎದೆನೋವು ಬಂದ ದಿನ ಆ ಗಾಡಿ ಎಷ್ಟು ದೊಡ್ಡದಾಗಿದ್ದರೆ ಏನು ಉಪಯೋಗ? ಈ ನಾಲ್ಕನೆಯದನ್ನು ಮಾರುವವರು ಯಾರೂ ಹೇಳುವುದಿಲ್ಲ.

25 ಅಡಿಯದು ಕೂಡ ಗೋಯಿಂಗ್ ಟು ದಿ ಸನ್ ರಸ್ತೆಗೆ ಹೋಗದು ಎಂದು ಯಾರಾದರೂ ನನ್ನ ತಪ್ಪು ಹಿಡಿಯಬಹುದು. ನಿಜ. ಅಂಥ ಒಂದೆರಡು ಕಡೆ ಕಾರು ಬಾಡಿಗೆಗೆ ಹಿಡಿಯಬೇಕು, ಅಥವಾ ತಿಂಗಳುಗಳ ಮೊದಲೇ ಅಲ್ಲಿನ ಪ್ರವಾಸಿ ಬಸ್ಸಿನಲ್ಲಿ ಸೀಟು ಕಾದಿರಿಸಬೇಕು. ಒಂದೆರಡು ಕಡೆ ಹಾಗೆ ಮಾಡುವುದಕ್ಕೂ, ಪ್ರತಿ ಊರಿನಲ್ಲಿಯೂ ನಿಲ್ಲಿಸಲು ಜಾಗ ಹುಡುಕುವುದಕ್ಕೂ ಬಹಳ ವ್ಯತ್ಯಾಸವಿದೆ. ದೊಡ್ಡ ಗಾಡಿಯ ಹಿಂದೆ ಚಿಕ್ಕ ಕಾರನ್ನು ಕಟ್ಟಿಕೊಂಡು ಹೋಗುವುದು ಇನ್ನೊಂದು ಉಪಾಯ. ಆಗ ಒಟ್ಟು ಉದ್ದ 50 ಅಡಿ ಮೀರುತ್ತದೆ, ಕಾರಿನ ನಾಲ್ಕು ಚಕ್ರವೂ ನೆಲದ ಮೇಲಿದ್ದರೆ ಹಿಂದಕ್ಕೆ ತೆಗೆಯುವಂತಿಲ್ಲ. ತಪ್ಪು ಬೀದಿಗೆ ನುಗ್ಗಿದರೆ ಕಾರನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಫ್ಲೋರಿಡಾದಲ್ಲಿಯೋ ಅರಿಜೋನಾದಲ್ಲಿಯೋ ಒಂದೇ ಕಡೆ ನಾಲ್ಕು ತಿಂಗಳು ಬಿಡಾರ ಹೂಡುವವರಿಗೆ ಈ ಏರ್ಪಾಡು ಒಪ್ಪುತ್ತದೆ. ಅಂಥವರು ದೊಡ್ಡದನ್ನೇ ಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಅದು ನೆಲೆ ನಿಲ್ಲುವುದು, ಸುತ್ತುವುದಲ್ಲ. ವಾರಕ್ಕೆ ಎರಡು ಸಲ ಜಾಗ ಬದಲಿಸುವವರ ಲೆಕ್ಕವೇ ಬೇರೆ.

ಕೊಳ್ಳುವ ಮೊದಲು ಎರಡು ವಾರ ಬಾಡಿಗೆಗೆ ಹಿಡಿದು, ಬೇಕೆಂದೇ ಮಳೆಯಿರುವ ವಾರದಲ್ಲಿ ಪೆನ್ಸಿಲ್ವೇನಿಯಾದ ಪೊಕೊನೊ ಕಡೆಗೋ ವರ್ಜೀನಿಯಾದ ಶೆನಂಡೋವಾ ಕಡೆಗೋ ಹೋಗಿ ಬನ್ನಿ. ಬಾಗಿಲು ಮುಚ್ಚಿಕೊಂಡು ಅನ್ನ ಸಾರು ಮಾಡಿ ಉಂಡು, ಪಾತ್ರೆ ತೊಳೆದು, ಕೊಳಕು ನೀರನ್ನು ಇಬ್ಬರೂ ಒಂದೊಂದು ಸಲ ಚೆಲ್ಲಿ ನೋಡಿ. ಅಂಗಡಿಯ ಅಂಗಳದಲ್ಲಿ ನಿಂತ ಹೊಳೆಯುವ ಗಾಡಿ ಹೇಳದ್ದನ್ನು ಆ ಎರಡು ವಾರ ಹೇಳುತ್ತದೆ. ಹಿಂದಿರುಗಿದ ಮೇಲೆ ಅದನ್ನು ಮನೆಯ ಮುಂದೆ ನಿಲ್ಲಿಸಲು ಟೌನ್‌ಶಿಪ್ಪಿನವರೂ ಬಡಾವಣೆಯ ಸಂಘದವರೂ ಬಿಡುತ್ತಾರೆಯೇ ಎಂದು ಕೇಳಿಕೊಳ್ಳುವುದನ್ನು ಮರೆಯಬೇಡಿ.

ಅಪ್ಪಯ್ಯನಿಗೆ ಕಳೆದ ವರ್ಷ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಇನ್ನು ಅಷ್ಟು ದೂರದ ವಿಮಾನ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದಾರೆ. ಲೋಗನ್ ಪಾಸನ್ನು ಅವರಿಗೆ ತೋರಿಸುವ ಅವಕಾಶ ನನಗೆ ಒಂದೇ ಸಲ ಇತ್ತು. ಏಳು ಜನ ಒಂದೇ ಮಾಡಿನ ಕೆಳಗೆ ಮಲಗಬೇಕೆಂಬ ಹಠಕ್ಕೆ ಅದನ್ನು ಕೊಟ್ಟುಬಿಟ್ಟೆ. ಎರಡು ಕಾರು, ಪ್ರತಿ ರಾತ್ರಿ ಮೋಟೆಲಿನಲ್ಲಿ ಮೂರು ಕೋಣೆ ಹಿಡಿದಿದ್ದರೂ ಅವರು ಆ ನೆತ್ತಿಯ ಮೇಲೆ ನಿಂತಿರುತ್ತಿದ್ದರು. ಮೊನ್ನೆ ಫೋನಿನಲ್ಲಿ ನಮ್ಮ ಹಿರಿಯರ 36 ಅಡಿಯ ಸಂಗತಿ ಹೇಳಿದೆ. "ಹೋಗೋದು ಗಂಡ ಹೆಂಡ್ತಿ ಇಬ್ರೇ ಅಲ್ವನಾ? ಇಬ್ಬರಿಗೆ ಸಾಕಾಗೋ ಅಷ್ಟು ತಗೊಳ್ಳಿ ಅಂತ ಹೇಳು. ಮಕ್ಕಳು ಬರಬೇಕು ಅಂತಿದ್ರೆ ಜಾಗ ಇಲ್ದಿದ್ರೂ ಬರ್ತಾರೆ" ಎಂದರು. ಹೇಳಿದ್ದೇನೆ. ತೀರ್ಮಾನ ಹಿರಿಯರಿಗೆ ಬಿಟ್ಟದ್ದು.